ಅರವತ್ತೆಂಟು ಡೆಸಿಬಲ್

ಕಾರು ಹತ್ತಿದ ಕೂಡಲೇ ಲೂಪೆ ಮಾಡುವ ಮೊದಲ ಕೆಲಸ
ಬೆಲ್ಟು ಕಟ್ಟುವುದಲ್ಲ.
ಎರಡೂ ಕಿವಿಯ ಯಂತ್ರ ತೆಗೆದು
ಪೆಪ್ಪರ್‌ಮಿಂಟಿನ ಖಾಲಿ ಡಬ್ಬಿಯೊಳಗೆ ಹಾಕಿ
ಟಪ್ಪೆಂದು ಮುಚ್ಚುವುದು.
ಆ ಟಪ್ಪು ನಮಗೆ ಕೇಳುತ್ತದೆ, ಅವಳಿಗಲ್ಲ.

ಓಮರೂನಿಂದ ಡನೀಡಿನ್ನಿಗೆ ಒಂದೂವರೆ ಗಂಟೆ.
ಮೂರು ತಿಂಗಳಿಗೊಮ್ಮೆ ಕಿವಿಯ ಡಾಕ್ಟರ ಹತ್ತಿರ ಹೋಗುತ್ತೇವೆ,
ಮಗಳಿಗೆ ಇನ್ನೊಂದಿಷ್ಟು ಕೇಳಲಿ ಎಂದು.
ಹೋಗುವಷ್ಟು ಹೊತ್ತೂ ಅವಳ ಲೋಕ ಆ ಡಬ್ಬಿಯಲ್ಲಿ,
ಬರುವಷ್ಟು ಹೊತ್ತೂ.

ತಪ್ಪು ರಸ್ತೆಯದು ಎನ್ನುತ್ತಾನೆ ಸಿಯೊಸಾಯ.
ಇಲ್ಲಿ ಡಾಂಬರಿನ ಮೇಲೆ ದಪ್ಪ ಜಲ್ಲಿ ಉದುರಿಸಿ
ಹೆದ್ದಾರಿ ಎಂದು ಹೆಸರಿಡುತ್ತಾರೆ.
ಹನ್ನೊಂದು ವರ್ಷದ ವ್ಯಾನು, ನಾಲ್ಕು ಬೋಳು ಟೈರು,
ಒಳಗೆ ಕೂತರೆ ಹಿಟ್ಟಿನ ಗಿರಣಿ.
ಕೂಗಿ ಮಾತಾಡುತ್ತೇವೆ, ಕೂಗಿ ಪ್ರಾರ್ಥಿಸುತ್ತೇವೆ.
ಒಮ್ಮೆ ಪಾಮರ್‌ಸ್ಟನ್ ದಾಟುವಾಗ
'ಪ್ರೀತಿಯಿಂದಲೇ ಹೇಳಿದೆ' ಎಂದು ಅವನು ಕೂಗಿದ್ದು
ಜಗಳವಾಗಿ, ಕಿಲ್‌ಮಾಗ್ ಗುಡ್ಡ ಹತ್ತಿ, ಇಳಿದು,
ಊರೊಳಗೂ ನಮ್ಮ ಜೊತೆ ಬಂತು.

ಕಿವಿಯ ಯಂತ್ರಕ್ಕೆ ಪಂಕ್ತಿಭೇದ ಗೊತ್ತಿಲ್ಲ.
ನನ್ನ ಮಾತಿಗೂ ಜಲ್ಲಿಯ ಮೊರೆತಕ್ಕೂ
ಒಂದೇ ಸೌಟಿನಲ್ಲಿ ಬಡಿಸುತ್ತದೆ.
ಒಂಬತ್ತು ವರ್ಷದ ಹುಡುಗಿ ಎಷ್ಟು ಉಂಡಾಳು?

ಟೈರಿನಂಗಡಿಯ ಮರ್ಡೊ ಮೂರು ಚೀಟಿ ತೋರಿಸಿದ.
ಎಪ್ಪತ್ತೆರಡು. ಎಪ್ಪತ್ತು. ಅರವತ್ತೆಂಟು.
'ಮೂರು ಇಳಿದರೆ ಸದ್ದಿನ ಬಲ ಅರ್ಧ.'
ಸಿಯೊಸಾಯ ನಂಬಲಿಲ್ಲ.
ಅವನ ಮಾಂಸದ ಕಾರ್ಖಾನೆಯಲ್ಲಿ
ಎಪ್ಪತ್ತೆರಡು ಕುರಿಯಲ್ಲಿ ನಾಲ್ಕು ಹೋದರೆ
ಅರವತ್ತೆಂಟು ಕುರಿ, ಅಷ್ಟೇ.
'ಈ ಲೆಕ್ಕ ಬೇರೆ' ಎಂದ ಮರ್ಡೊ, ಗಲ್ಲ ಕೆರೆದುಕೊಂಡು,
'ಇನ್ನೊಂದು ಹೇಳಿಬಿಡುತ್ತೇನೆ.
ಇದು ದಾರಿಬದಿ ನಿಂತವನ ಕಿವಿಯ ಲೆಕ್ಕ.
ಒಳಗೆ ಕೂತವರ ಕಿವಿಗೆ
ಯಾರೂ ಚೀಟಿ ಅಂಟಿಸಿಲ್ಲ.'

ವ್ಯಾಪಾರ ಕೆಡಿಸಿಕೊಳ್ಳುವ ಸತ್ಯ ಹೇಳಿದವನನ್ನು
ನಂಬದೆ ಏನು ಮಾಡುವುದು.

ಅರವತ್ತೆಂಟರದು ಮೆತ್ತನೆಯ ರಬ್ಬರು, ಬೇಗ ಸವೆಯುತ್ತದೆ,
ಒಂದೊಂದಕ್ಕೆ ಅರವತ್ತು ಡಾಲರು ಹೆಚ್ಚು.
ನಾನು ಉಗುರು ಊರಿ ನೋಡಿದೆ,
ಮಾವಿನಹಣ್ಣು ಒತ್ತಿ ನೋಡುವವಳ ಹಾಗೆ,
ಏನು ತಿಳಿಯಿತೋ ದೇವರಿಗೇ ಗೊತ್ತು.
ಸಿಯೊಸಾಯ ಮನಸ್ಸಿನಲ್ಲೇ ಶನಿವಾರಗಳನ್ನು ಎಣಿಸಿದ.
ತುಟಿ ಅಲ್ಲಾಡಿದ್ದು ನನಗೆ ಕಂಡಿತು,
ಲೂಪೆಗೂ. ತುಟಿ ಓದುವುದರಲ್ಲಿ ಅವಳು ನಮ್ಮೆಲ್ಲರಿಗಿಂತ ಜಾಣೆ.
'ನಾಲ್ಕು ಶನಿವಾರ' ಎಂದು ಜೋರಾಗಿ ಹೇಳಿ
ಅಪ್ಪನ ಗುಟ್ಟು ಅಂಗಡಿಯಲ್ಲಿ ಹರಾಜು ಹಾಕಿದಳು.
ಆಮೇಲೆ ಎಪ್ಪತ್ತೆರಡರ ಟೈರಿಗೆ ಅಂಗೈ ಇಟ್ಟು
'ಇದೇ ಬೇಕು' ಎಂದಳು.
ಅದರ ಗೆರೆಗಳು, ತೊಂಗಾದಲ್ಲಿ ಅಜ್ಜಿ
ತೊಗಟೆ ಬಡಿದು ಮಾಡಿದ ಙತು ಬಟ್ಟೆಯಂತೆಯೇ ಇವೆಯಂತೆ.
ಇದ್ದವು ನಿಜ.
ಕೊಂಡದ್ದು ಅರವತ್ತೆಂಟನ್ನೇ. ಮುಖ ಊದಿಸಿಕೊಂಡೇ ಹತ್ತಿದಳು.

ಡಬ್ಬಿ ಕೈಯಲ್ಲಿತ್ತು. ಮುಚ್ಚಳ ತೆರೆದಿತ್ತು.
ನಾನು ಹಿಂದಿರುಗಿ ನೋಡಲಿಲ್ಲ,
ನೋಡಿದರೆ ಅದು ಪರೀಕ್ಷೆಯಾಗುತ್ತದೆ.
ಮೊಯರಾಕಿವರೆಗೆ ರಸ್ತೆ ಒಳ್ಳೆಯದು.
ಆಮೇಲೆ ಜಲ್ಲಿ ಬಂತು, ಮೊರೆತವೂ ಬಂತು,
ಗಿರಣಿಯಲ್ಲ, ಆದರೂ ಪಕ್ಕದ ಮನೆಯ ಬೀಸುಕಲ್ಲು.
ಅಷ್ಟಕ್ಕೆ ನಾಲ್ಕು ಶನಿವಾರವೇ ಎಂದುಕೊಳ್ಳುತ್ತಿದ್ದೆ.

ಕಾಫಿಗೆಂದು ತಿರುಗಲು ವೇಗ ಇಳಿಸಿದಾಗ
ಹಿಂದಿನ ಸೀಟಿನಿಂದ ಕೇಳಿದಳು:
'ಟಿಕ್ ಟಿಕ್ ಅನ್ನುತ್ತಿರುವುದು ಏನು?'

ಗಡಿಯಾರವಲ್ಲ, ಬಾಗಿಲಲ್ಲ.
ಸಿಯೊಸಾಯ ಬಾಣದ ದೀಪ ತೋರಿಸಿದ.
'ಇದು ಮೊದಲಿನಿಂದಲೂ ಹೀಗೆ ಅನ್ನುತ್ತಿತ್ತಾ?'
'ನೀನು ಹುಟ್ಟುವ ಮೊದಲಿನಿಂದ.'
'ಮತ್ತೆ ನನಗೆ ಯಾರೂ ಹೇಳಲೇ ಇಲ್ಲ!'

ತಿರುವು ಮುಗಿಯಿತು. ಅವನು ಅದನ್ನು ಆರಿಸಲಿಲ್ಲ.
ಮೈಲಿ ದೂರ ಎಡಕ್ಕೆ ತಿರುಗುತ್ತೇವೆ ಎಂದು
ಇಡೀ ಹೆದ್ದಾರಿಗೆ ಸುಳ್ಳು ಹೇಳುತ್ತ,
ಟಿಕ್ ಟಿಕ್, ಕಾಫಿ ಮರೆತು ಹೊರಟೆವು.
ಹಿಂದಿನ ಲಾರಿಯವನು ರೇಗಿ ಹಾರ್ನ್ ಬಾರಿಸಿದ.

'ಅದು ಗೊತ್ತು' ಎಂದಳು ಲೂಪೆ,
'ಅದು ಲಾರಿ.'